ತೂತಿನ ಅಂಚಿನಲ್ಲಿ ಏನಾಗುತ್ತದೆ?

ವೈಟ್‌ಫೀಲ್ಡಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸ ಮಾಡುವ ಮೆಕ್ಯಾನಿಕಲ್ ಇಂಜಿನಿಯರುಗಳ ಬಾಯಲ್ಲಿ 'ಮೆಶಿಂಗ್' ಅನ್ನುವ ಮಾತು ನೀವು ಕೇಳಿರಬಹುದು. ಕಾರಿರಲಿ, ವಿಮಾನವಿರಲಿ, ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಅದನ್ನು ಎಳೆದು, ಬಗ್ಗಿಸಿ, ಗುದ್ದಿಸಿ ನೋಡುವುದೇ ಸಿಮ್ಯುಲೇಶನ್. ಅದರಲ್ಲಿ ತಾಳ್ಮೆ ಜಾಸ್ತಿ ಬೇಡುವುದು ಈ ಮೆಶ್ ಕೆಲಸ.

ಅಗಲವಾದ ಉಕ್ಕಿನ ತಗಡು, ನಡುವೆ ಬೋಲ್ಟಿಗೆಂದು ಚಿಕ್ಕ ದುಂಡನೆ ತೂತು. ಎರಡೂ ಬದಿ ಹಿಡಿದು ಎಳೆದರೆ, ತೂತಿನ ಅಂಚಿನಲ್ಲಿ ಸ್ಟ್ರೆಸ್ (ಲೋಹದ ಒಳಗೆ ಹುಟ್ಟುವ ಒತ್ತಡ) ದೂರದ ಜಾಗಕ್ಕಿಂತ 3 ಪಟ್ಟು ಏರುತ್ತದೆ. ಜರ್ಮನಿಯ ಕಿರ್ಶ್ 1898ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಆದರೆ ನಿಜವಾದ ಬಿಡಿಭಾಗಗಳ ಆಕಾರ ಇಷ್ಟು ಸುಲಭದ್ದಲ್ಲ. ಕೈಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಇಡೀ ಭಾಗವನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಒಡೆಯುತ್ತಾರೆ. ಇದೇ ಮೆಶ್. ಒಂದೊಂದು ತುಂಡಿಗೂ ಸರಳ ಸಮೀಕರಣ ಬರೆದು, ಎಲ್ಲವನ್ನೂ ಜೋಡಿಸಿ ಕಂಪ್ಯೂಟರ್ ಒಟ್ಟಿಗೆ ಬಿಡಿಸುತ್ತದೆ.

ತುಂಡುಗಳು ದೊಡ್ಡದಾದರೆ? ಅಂಚಿನ ಆ ಏರಿಕೆ ಸರಾಸರಿಯಲ್ಲಿ ಕರಗಿಹೋಗುತ್ತದೆ. 3 ಬರಬೇಕಾದಲ್ಲಿ 2 ಬಂದರೂ ಬರಬಹುದು. ಪರದೆಯ ಮೇಲಿನ ಬಣ್ಣದ ಚಿತ್ರ ಮಾತ್ರ ಅಷ್ಟೇ ಚೆನ್ನಾಗಿರುತ್ತದೆ. ನನಗೆ ಭಯ ಆಗುವುದು ಇದಕ್ಕೇ. ಪಳಗಿದವರು ಅಂಚಿನ ಬಳಿ ಮೆಶ್ ಸಣ್ಣ ಮಾಡುತ್ತಾ ಮತ್ತೆ ಮತ್ತೆ ರನ್ ಮಾಡುತ್ತಾರೆ. ಉತ್ತರ ಬದಲಾಗುವುದು ನಿಂತ ಮೇಲೇ ಮುಂದಿನ ಮಾತು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂದು ನಾರ್ವೆ ನೋಡಿದೆ. 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ಬುಡ ಸ್ಟವಾಂಗರ್ ಹತ್ತಿರ ನೀರಲ್ಲಿ ಮುಳುಗಿಹೋಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಗೋಡೆಗಳು ಕೂಡುವ ಮೂಲೆಯಲ್ಲಿ ಮೆಶ್ ಒರಟಾಗಿತ್ತು, ಅಂದರೆ ತುಂಡುಗಳು ದೊಡ್ಡದಾಗಿದ್ದವು. ಅಲ್ಲಿನ ಶಿಯರ್ ಸ್ಟ್ರೆಸ್ಸನ್ನು (ಪಕ್ಕಕ್ಕೆ ಜಾರಿಸಿ ಕತ್ತರಿಸುವಂಥ ಒತ್ತಡವನ್ನು) ಲೆಕ್ಕ 47% ಕಡಿಮೆ ತೋರಿಸಿತ್ತು. ಆ ಲೆಕ್ಕ ನಂಬಿ ಕಟ್ಟಿದ ಗೋಡೆಗೆ ಬಲ ಸಾಲಲಿಲ್ಲ, ಒಳಗಿನ ಕಂಬಿಯೂ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಗೋಡೆ ಒಡೆದದ್ದು ಸುಮಾರು 65 ಮೀಟರ್ ಆಳದಲ್ಲಿ. ಆಮೇಲೆ ಮೆಶ್ ಸಣ್ಣ ಮಾಡಿ ಲೆಕ್ಕ ಹಾಕಿದಾಗ ಬಂದ ಉತ್ತರ 62 ಮೀಟರ್! ಅಂದರೆ ವಿಧಾನದಲ್ಲಿ ಏನೂ ಕೊರತೆ ಇರಲಿಲ್ಲ. ಅದನ್ನು ಕೇಳಬೇಕಾದ ಜಾಗದಲ್ಲಿ ಕೇಳಿರಲಿಲ್ಲ, ಅಷ್ಟೇ.

ನಮ್ಮ ಬೆಂಗಳೂರಲ್ಲೇ ಹುಟ್ಟಿದ ತೇಜಸ್ ಯುದ್ಧವಿಮಾನದ ಕಥೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ: ಅಲ್ಲಿ ಬರೀ ಲೆಕ್ಕವನ್ನೇ ನಂಬಿ ಕೂರಲಿಲ್ಲ. ಚುರುಕಾಗಿ ತಿರುಗಲಿ ಎಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ಒಳಗಿನ ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಹಾರಲಾಗದು. ಅಂಥದ್ದನ್ನು ಸುಮ್ನೆ ಹಾರಿಸಿ ನೋಡೋಣ ಅನ್ನಲಾಗುತ್ತದೆಯೇ? ಲೆಕ್ಕದ ಜೊತೆಗೆ ಎನ್‌ಎಎಲ್‌ನ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ) ಗಾಳಿ ಸುರಂಗದಲ್ಲಿ ಪುಟ್ಟ ಮಾದರಿಗಳ ಪರೀಕ್ಷೆ ನಡೆಯಿತು. ಹೈಡ್ರಾಲಿಕ್ಸ್ ಮತ್ತು ನಿಯಂತ್ರಣ ವ್ಯವಸ್ಥೆಗಳನ್ನು ನೆಲದ ಮೇಲೇ ಜೋಡಿಸಿ ಓಡಿಸಿದರು. ಆಮೇಲೆ, 2001ರ ಜನವರಿ 4ರಂದು, ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದು ಮೊದಲ ಸಲ ಮೇಲೇರಿತು. ಹಾರಾಟದಲ್ಲಿ ದಾಖಲಾದ ಅಳತೆಗಳನ್ನು ಎನ್‌ಎಎಲ್‌ನವರು ಲೆಕ್ಕದ ಜೊತೆ ತಾಳೆ ಹಾಕಿದರು, ಕಂಪ್ಯೂಟರಿನ ಮಾದರಿ ಎಲ್ಲೆಲ್ಲಿ ತಿದ್ದಬೇಕೆಂದು ಹುಡುಕುವುದಕ್ಕೆ.