ಹಂತಕರೇ ಸಿಗದ ಸುಪಾರಿ ಕೊಲೆ: ಹಳೆಯ ಪಾಲುದಾರನ ಅಪರಾಧ ಸಾಬೀತಾಗುವುದು ಹೇಗೆ?

ವ್ಯಾಪಾರದ ಪಾಲುದಾರಿಕೆ ಮುರಿದು, ಲೆಕ್ಕದ ಜಗಳ ನ್ಯಾಯಾಲಯ ಹತ್ತಿ, ಅದಾದ ಮೇಲೆ ಇಬ್ಬರಲ್ಲಿ ಒಬ್ಬರು ಕೊಲೆಯಾದರೆ ಪೊಲೀಸರ ಕಣ್ಣು ಮೊದಲು ಬೀಳುವುದು ಇನ್ನೊಬ್ಬನ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಂಶಯ ಶಿಕ್ಷೆಯವರೆಗೆ ಹೋಗಬೇಕಾದರೆ ನಡುವೆ ಏನೇನು ಸಾಬೀತಾಗಬೇಕು ಎಂಬುದನ್ನು ವಿವರಿಸಲು, ಕ್ರಿಮಿನಲ್ ಪ್ರಕರಣಗಳನ್ನೇ ನಡೆಸುವ ವಕೀಲನಾದ ನನಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮಿಕಿ ಥಾಂಪ್ಸನ್ ಕೊಲೆ ಪ್ರಕರಣಕ್ಕಿಂತ ತಕ್ಕ ಉದಾಹರಣೆ ಕಾಣುವುದಿಲ್ಲ.

ಥಾಂಪ್ಸನ್ ಅವರು 1960ರಲ್ಲಿ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 400 ಮೈಲಿಗಿಂತ ವೇಗವಾಗಿ ಕಾರು ಓಡಿಸಿದ ಮೊದಲ ಅಮೆರಿಕನ್ನರು. ಮುಂದೆ ಕ್ರೀಡಾಂಗಣಗಳೊಳಗೆ ಮಣ್ಣು ಸುರಿಸಿ ವಾಹನಗಳ ರೇಸ್ ಏರ್ಪಡಿಸುವ ವ್ಯವಹಾರಕ್ಕಿಳಿದರು. ಮೈಕಲ್ ಗುಡ್‌ವಿನ್ ಅದೇ ರೀತಿ ಮೋಟಾರ್‌ಸೈಕಲ್ ಸೂಪರ್‌ಕ್ರಾಸ್ ಸ್ಪರ್ಧೆಗಳನ್ನು ನಡೆಸಿ ಹೆಸರು ಮಾಡಿದ್ದವನು. 1984ರಲ್ಲಿ ಇಬ್ಬರೂ ವ್ಯವಹಾರ ಒಂದುಗೂಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಥಾಂಪ್ಸನ್ ದಾವೆ ಹೂಡಿದರು, 1986ರಲ್ಲಿ ಐದು ಲಕ್ಷ ಡಾಲರಿಗೂ ಹೆಚ್ಚಿನ ಮೊತ್ತದ ತೀರ್ಪು ಅವರ ಪರವಾಗಿ ಬಂತು, ಗುಡ್‌ವಿನ್ ದಿವಾಳಿತನದ ಅರ್ಜಿ ಹಾಕಿದ.

1988ರ ಮಾರ್ಚ್ 16ರ ಬೆಳಗಿನ ಜಾವ ಲಾಸ್ ಏಂಜಲೀಸ್ ಕೌಂಟಿಯ ಬ್ರಾಡ್‌ಬರಿಯಲ್ಲಿ ಥಾಂಪ್ಸನ್ ಮತ್ತು ಅವರ ಪತ್ನಿ ಟ್ರೂಡಿ ಕೆಲಸಕ್ಕೆ ಹೊರಡುತ್ತಿದ್ದಾಗ, ಮುಖ ಮರೆಮಾಡಿಕೊಂಡಿದ್ದ ಇಬ್ಬರು ಅವರ ಮನೆಯ ಆವರಣದಲ್ಲೇ ಇಬ್ಬರನ್ನೂ ಗುಂಡಿಕ್ಕಿ ಕೊಂದು, ಸೈಕಲ್ ಏರಿ ಇಳಿಜಾರಿನ ರಸ್ತೆಯಲ್ಲಿ ಪರಾರಿಯಾದರು. ಟ್ರೂಡಿ ಮೈಮೇಲಿದ್ದ ಒಡವೆ ಹಾಗೆಯೇ ಉಳಿದಿತ್ತು. ಆ ಇಬ್ಬರು ಯಾರೆಂದು ಪೊಲೀಸರು ಪತ್ತೆಹಚ್ಚಲಾಗಲಿಲ್ಲ.

ನಮ್ಮಲ್ಲಿ ಸುಪಾರಿ ಕೊಲೆಯ ಪ್ರಕರಣಗಳು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಕಟ್ಟಲ್ಪಡುತ್ತವೆ. ಮೊದಲು ಕೊಂದವನು ಸಿಗುತ್ತಾನೆ, ಅವನ ಮಾಹಿತಿಯಿಂದ ಮಚ್ಚೋ ಪಿಸ್ತೂಲೋ ವಶವಾಗುತ್ತದೆ, ಮೊಬೈಲ್ ಕರೆಗಳ ವಿವರ ಮಧ್ಯವರ್ತಿಯನ್ನು ತೋರಿಸುತ್ತದೆ, ಮುಂಗಡ ಕೊಟ್ಟ ಹಣದ ಜಾಡು ಸಿಗುತ್ತದೆ, ಕೆಲವೊಮ್ಮೆ ಆರೋಪಿಗಳಲ್ಲೇ ಒಬ್ಬ ಮಾಫಿ ಸಾಕ್ಷಿಯಾಗುತ್ತಾನೆ. ಒಳಸಂಚಿನ ಕಲಮು, ಅಂದರೆ ಹಿಂದಿನ ದಂಡ ಸಂಹಿತೆಯ 120-ಬಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 61, ನಿಲ್ಲುವುದು ಈ ಮೆಟ್ಟಿಲುಗಳ ಮೇಲೆ. ಥಾಂಪ್ಸನ್ ಪ್ರಕರಣದಲ್ಲಿ ಕೆಳಗಿನ ಮೆಟ್ಟಿಲೇ ಇರಲಿಲ್ಲ. ಗುಡ್‌ವಿನ್‌ನನ್ನು ಕೊಲೆಯ ಸ್ಥಳಕ್ಕೆ ಜೋಡಿಸುವ ವೈಜ್ಞಾನಿಕ ಸಾಕ್ಷ್ಯವಾಗಲಿ, ಹಂತಕರಿಗೆ ಹಣ ಸಂದಾಯವಾದ ನೇರ ಪುರಾವೆಯಾಗಲಿ ಪ್ರಾಸಿಕ್ಯೂಷನ್ ಬಳಿ ಇರಲಿಲ್ಲ.

ಹಾಗಾದರೆ ಇದ್ದದ್ದೇನು? ದ್ವೇಷದ ಕಾರಣ ಕಾಗದದ ಮೇಲೇ ಇತ್ತು. ಥಾಂಪ್ಸನ್‌ಗೆ ಹಣ ಕೊಡುವ ಬದಲು ಅವರನ್ನು ಮುಗಿಸುವುದಾಗಿ ಗುಡ್‌ವಿನ್ ಹೇಳಿದ್ದನೆಂದು ಒಬ್ಬರಲ್ಲ, ಹಲವರು ನುಡಿದರು. ಕೊಲೆಯಾದ ಕೆಲವು ತಿಂಗಳಲ್ಲಿ ಆತ ತನ್ನ ವಿಹಾರನೌಕೆಯಲ್ಲಿ ದೇಶ ಬಿಟ್ಟಿದ್ದ. ಹಣವನ್ನು ಚಿನ್ನದ ನಾಣ್ಯಗಳಾಗಿ ಬದಲಿಸಿಕೊಂಡಿದ್ದ ಎಂಬುದನ್ನೂ ಪ್ರಾಸಿಕ್ಯೂಷನ್ ಎತ್ತಿ ತೋರಿಸಿತು. ಇವೆಲ್ಲದರ ಜೊತೆಗೆ ಸಮೀಪದ ನಿವಾಸಿಗಳಾದ ದಂಪತಿಯ ಸಾಕ್ಷ್ಯ. ಕೊಲೆಗೆ ಕೆಲವು ದಿನ ಮುಂಚೆ ತಮ್ಮ ಮನೆಯ ಹತ್ತಿರ ಒಂದು ಕಾರು ನಿಂತಿತ್ತು, ಒಳಗೆ ಕುಳಿತಿದ್ದವನು ದುರ್ಬೀನು ಹಿಡಿದು ನೋಡುತ್ತಿದ್ದ, ಅವನೇ ಗುಡ್‌ವಿನ್ ಎಂದು ಅವರು ಗುರುತಿಸಿದರು. ಆದರೆ ಗುರುತಿಸಿದ್ದು 2001ರಲ್ಲಿ, ಅಂದರೆ ಹದಿಮೂರು ವರ್ಷಗಳ ನಂತರ.

ಕೊಲೆಯಾದವರ ಮನೆಯವರು ನಮ್ಮ ಕಚೇರಿಗೆ ಬಂದಾಗ ಕೇಳುವ ಮಾತೊಂದಿದೆ: "ಸಾರ್, ಅವನು ಹತ್ತು ಜನರ ಎದುರಿಗೇ ಕೊಲ್ಲಿಸ್ತೀನಿ ಅಂದಿದ್ದಾನೆ, ಇನ್ನೇನು ಸಾಕ್ಷಿ ಬೇಕು?" ಅವರ ಸಂಕಟ ಅರ್ಥವಾಗುತ್ತದೆ. ಆದರೆ ಬೆದರಿಕೆಯ ಮಾತು ಉದ್ದೇಶವನ್ನು ತೋರಿಸುತ್ತದೆಯೇ ಹೊರತು ಕೃತ್ಯವನ್ನಲ್ಲ. ಹಣ ಕಳೆದುಕೊಂಡವರು ಸಿಟ್ಟಿನಲ್ಲಿ ಆಡುವ ಅಂಥ ಮಾತುಗಳಲ್ಲಿ ಬಹುಪಾಲು ಮಾತಾಗಿಯೇ ಮುಗಿಯುತ್ತವೆ. ದೇಶ ಬಿಟ್ಟು ಹೋದದ್ದಕ್ಕೂ, ಆಸ್ತಿ ಬಚ್ಚಿಟ್ಟದ್ದಕ್ಕೂ ಸಾಲಗಾರರ ಕಾಟ ಎಂಬ ಇನ್ನೊಂದು ವಿವರಣೆ ದಿವಾಳಿಯಾದವನ ವಿಷಯದಲ್ಲಿ ತಾನಾಗಿಯೇ ಒದಗುತ್ತದೆ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಗುಡ್‌ವಿನ್‌ನನ್ನು ಬ್ರಾಡ್‌ಬರಿಯ ಆ ಪ್ರದೇಶಕ್ಕೆ, ಆ ಕೊಲೆಯ ತಯಾರಿಗೆ ತಂದು ನಿಲ್ಲಿಸುವುದು ಆ ದಂಪತಿಯ ಸಾಕ್ಷ್ಯ ಒಂದೇ. ಅಷ್ಟು ವರ್ಷಗಳಲ್ಲಿ ಈ ಪ್ರಕರಣ ದೇಶವ್ಯಾಪಿ ಟಿವಿ ಕಾರ್ಯಕ್ರಮಗಳಲ್ಲಿ ಬಂದಿತ್ತು. ಅಪರಿಚಿತ ಮುಖವೊಂದನ್ನು ಕ್ಷಣಹೊತ್ತು ಕಂಡವರ ನೆನಪಿನೊಳಗೆ, ಅವರಿಗೇ ತಿಳಿಯದಂತೆ, ಮುಂದೆ ಕಂಡ ಚಿತ್ರವೊಂದು ಸೇರಿಕೊಳ್ಳಬಹುದು. ಸಾಕ್ಷಿಯ ಪ್ರಾಮಾಣಿಕತೆ ಇದಕ್ಕೆ ರಕ್ಷಣೆಯಲ್ಲ. ನಮ್ಮ ನ್ಯಾಯಾಲಯಗಳು ಗುರುತು ಪತ್ತೆ ಪೆರೇಡ್ ಬೇಗ ನಡೆಯಬೇಕೆಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ವಿಚಾರಣೆಯ ಹಾದಿಯೂ ಸುಗಮವಾಗಿರಲಿಲ್ಲ. 2001ರ ಡಿಸೆಂಬರಿನಲ್ಲಿ ಆರೆಂಜ್ ಕೌಂಟಿ ಹೊರಿಸಿದ ಆರೋಪವನ್ನು, ಅಲ್ಲಿ ಸಂಚು ನಡೆದದ್ದಕ್ಕೆ ಆಧಾರವಿಲ್ಲ, ಹಾಗಾಗಿ ಅಧಿಕಾರ ವ್ಯಾಪ್ತಿಯೂ ಇಲ್ಲವೆಂದು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ರದ್ದು ಮಾಡಿತು. ಅದೇ ವರ್ಷ ಲಾಸ್ ಏಂಜಲೀಸ್ ಕೌಂಟಿ ಹೊಸದಾಗಿ ಮೊಕದ್ದಮೆ ಹೂಡಿತು. ಪ್ಯಾಸಡೀನಾದಲ್ಲಿ ವಿಚಾರಣೆ ನಡೆದು, 2007ರ ಜನವರಿಯಲ್ಲಿ ಜ್ಯೂರಿ, ಅಂದರೆ ತೀರ್ಮಾನ ಕೊಡಲು ಆರಿಸಿದ ಸಾಮಾನ್ಯ ನಾಗರಿಕರ ತಂಡ, ಎರಡೂ ಕೊಲೆಗಳಿಗೆ ಆತ ಹೊಣೆಯೆಂದು ತೀರ್ಮಾನಿಸಿತು. ಪೆರೋಲ್ ಇಲ್ಲದ ಎರಡು ಜೀವಾವಧಿ ಶಿಕ್ಷೆಗಳಾದವು.

ಜ್ಯೂರಿಯ ತೀರ್ಮಾನವನ್ನು ಕಾನೂನುಬಾಹಿರ ಎನ್ನಲಾಗದು. ಒಳಸಂಚಿಗೂ ಕುಮ್ಮಕ್ಕಿಗೂ ಶಿಕ್ಷಿಸಲು ಗುಂಡು ಹಾರಿಸಿದವರ ಹೆಸರು ತಿಳಿದಿರಲೇಬೇಕೆಂಬ ನಿಯಮ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ದರೋಡೆಗೆ ಬಂದವರ ಕೃತ್ಯವಿರಬಹುದೆಂಬ ಪ್ರತಿವಾದವನ್ನು ಮುಟ್ಟದೆ ಬಿಟ್ಟ ಒಡವೆಗಳು ದುರ್ಬಲಗೊಳಿಸಿದವು. ಹೊಂಚು ಹಾಕಿದ ರೀತಿ, ಪಾರಾಗಲು ಸೈಕಲ್ ಆರಿಸಿಕೊಂಡ ರೀತಿ, ಇಬ್ಬರನ್ನೂ ಉಳಿಸದ ರೀತಿ ಎಲ್ಲವೂ ಇದು ಯಾರೋ ಮಾಡಿಸಿದ ಕೊಲೆ ಎಂದೇ ಹೇಳುತ್ತವೆ. ಮಾಡಿಸಲು ಗುಡ್‌ವಿನ್‌ಗಿಂತ ಬಲವಾದ ಕಾರಣವಿದ್ದವರು ಯಾರೂ ಮುಂದೆ ಕಾಣಲಿಲ್ಲ.

ಆದರೂ ನನ್ನನ್ನು ಕಾಡುವುದು ಬೇರೆ ವಿಷಯ. ಜ್ಯೂರಿ ಕಾರಣ ಬರೆಯುವುದಿಲ್ಲ. ದುರ್ಬೀನಿನ ಸಾಕ್ಷ್ಯವನ್ನು ನಂಬಿದರೋ, ಅದನ್ನು ಬದಿಗಿಟ್ಟು ಬೆದರಿಕೆಗಳ ಮೇಲೆಯೇ ತೀರ್ಮಾನಕ್ಕೆ ಬಂದರೋ ತೀರ್ಪಿನಿಂದ ತಿಳಿಯುವ ಬಗೆಯಿಲ್ಲ. ನಮ್ಮ ಸೆಷನ್ಸ್ ನ್ಯಾಯಾಧೀಶರು ಪ್ರತಿಯೊಂದು ವಿಚಾರಾಂಶಕ್ಕೂ ಕಾರಣ ಬರೆಯಲೇಬೇಕು. 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಐದು ಸೂತ್ರಗಳ ಪ್ರಕಾರ, ಪ್ರತಿಯೊಂದು ಸಂಗತಿಯೂ ಪೂರ್ಣವಾಗಿ ರುಜುವಾತಾಗಿ, ಸರಪಣಿ ಎಲ್ಲೂ ತುಂಡಾಗದೆ, ಆರೋಪಿಯ ಅಪರಾಧವೊಂದನ್ನು ಬಿಟ್ಟು ಬೇರೆ ಯಾವ ಊಹೆಗೂ ಎಡೆಯಿರಬಾರದು. ಆ ಅಳತೆಯಲ್ಲಿ ತೂಗಿದರೆ, ಗುಡ್‌ವಿನ್ ಮಾಡಿಸಿರುವ ಸಾಧ್ಯತೆಯೇ ಹೆಚ್ಚೆಂದು ನಾನು ನಂಬುತ್ತೇನೆ, ಆದರೆ ಆತನಿಗೂ ಆ ಇಬ್ಬರು ಸೈಕಲ್ ಸವಾರರಿಗೂ ನಡುವಿನ ಕೊಂಡಿ ಸಾಬೀತಾಯಿತೆಂದು ಒಪ್ಪಲಾರೆ.

2015ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸಾಕ್ಷಿಗಳನ್ನು ಮತ್ತೆ ತೂಗುವುದಿಲ್ಲ. ವಿವೇಕವುಳ್ಳ ಜ್ಯೂರಿಯೊಂದು ಈ ಸಾಕ್ಷ್ಯದ ಮೇಲೆ ಹೀಗೆ ತೀರ್ಮಾನಿಸಬಹುದಿತ್ತೇ ಎಂದು ಮಾತ್ರ ನೋಡುತ್ತದೆ. ನಮ್ಮ ಹೈಕೋರ್ಟಿನಲ್ಲಾಗಿದ್ದರೆ ಇಡೀ ಸಾಕ್ಷ್ಯವನ್ನು ಮೊದಲಿನಿಂದ ಓದಿ, ಹದಿಮೂರು ವರ್ಷಗಳ ನಂತರದ ಆ ಗುರುತಿಸುವಿಕೆ ನಂಬಲರ್ಹವೇ ಎಂಬ ಪ್ರಶ್ನೆಗೆ ನ್ಯಾಯಮೂರ್ತಿಗಳೇ ಉತ್ತರ ಬರೆಯಬೇಕಾಗುತ್ತಿತ್ತು.