ಪದ ಪರಿಚಯ: ಇಡುಗಂಟು

‘ನಿಮ್ಮಪ್ಪನ ಗಂಟೇನು ಹೋಗುತ್ತೆ?’ ಅಂತ ಜಗಳದಲ್ಲಿ ಕೇಳುತ್ತೇವಲ್ಲ, ಆ ಗಂಟೇ ಇದು. ಹಿಂದೆ ದುಡ್ಡನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಹಾಗೆ ಇಟ್ಟ ಗಂಟು ಇಡುಗಂಟು. ಇದರ ಪಕ್ಕದಲ್ಲೇ ಇಡಿಗಂಟು ಅಂತ ಇನ್ನೊಂದು ಪದವಿದೆ. ಇಡಿಯಾಗಿ, ಒಂದೇ ಸಲಕ್ಕೆ ಕೈಗೆ ಬರುವ ಮೊತ್ತ ಅದು. ಎರಡನ್ನೂ ಕಲಸಿ ಬಳಸುವವರೇ ಜಾಸ್ತಿ. ಮಲೆನಾಡಿನವರಿಗೆ ಬಿಡಿಸಿ ಹೇಳುವುದು ಸುಲಭ. ಅಡಿಕೆ ಮಾರಿದಾಗ ಮಂಡಿಯಿಂದ ಬರುವುದು ಇಡಿಗಂಟು. ಅದರಲ್ಲಿ ಕೈ ಹಚ್ಚದೆ ಎತ್ತಿಟ್ಟದ್ದು ಇಡುಗಂಟು.

ತೋಟದವರ ದುಡ್ಡು ಬರುವುದು ವರ್ಷಕ್ಕೊಮ್ಮೆ. ಮಳೆ ಹಿಡಿಯುವ ಮುಂಚೆ ಬೋರ್ಡೋ ಔಷಧಿ ಹೊಡೆದಿದ್ದರೂ, ಬಿಡದೆ ಹೊಯ್ದರೆ ಕೊಳೆರೋಗ ಬಂದು ಎಳೆಯ ಅಡಿಕೆ ಉದುರುತ್ತದೆ. ಗಂಟಿಲ್ಲದ ಮನೆ ಆ ವರ್ಷ ಮಂಡಿಯಲ್ಲಿ ಮುಂಗಡಕ್ಕೆ ನಿಲ್ಲಬೇಕು.

ನಮ್ಮ ಅಜ್ಜಿಯದ್ದು ಬೇರೆಯೇ ಖಾತೆ. ಮರದಡಿ ಬಿದ್ದ ಹಣ್ಣಡಿಕೆ ಹೆಕ್ಕಿ, ಅಂಗಳದ ಮೂಲೆಯಲ್ಲಿ ಒಣಗಿಸಿ, ಗೋಟಡಿಕೆ ಮಾಡಿ ಮಾರುತ್ತಿದ್ದರು. ಆ ದುಡ್ಡಿನ ಒಂದು ಪಾಲು ಗಂಟಾಗಿ ಟ್ರಂಕಿನ ತಳಕ್ಕೆ. ಇನ್ನೊಂದು ಪಾಲು ಸಾಗರದ ಮಾರಿಜಾತ್ರೆಗೆ. ಜಾತ್ರೆ ಮೂರು ವರ್ಷಕ್ಕೊಮ್ಮೆ. ಬಳೆ, ಬೆಂಡು ಬತ್ತಾಸು, ನಮಗೆಲ್ಲ ತೊಟ್ಟಿಲು. ಜಾತ್ರೆಯಲ್ಲಿ ಅವರು ಚೌಕಾಸಿ ಮಾಡಿದ್ದನ್ನು ನಾನು ನೋಡಿಲ್ಲ.

ಈಗ ಶಿವಮೊಗ್ಗದಲ್ಲಿ ಮೊದಲ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಸಂಬಳ 22,000. ರೂಮು, ಊಟ, ಪೆಟ್ರೋಲು, ಮನೆಗೆ ಕಳಿಸುವುದು ಸೇರಿ ಖರ್ಚು 14,000. ಕನಿಷ್ಠ ಮೂರು ತಿಂಗಳ ಖರ್ಚು ಗಂಟಿನಲ್ಲಿರಬೇಕು ಅನ್ನುವುದು ರೂಢಿಯ ಲೆಕ್ಕ, ಆರು ತಿಂಗಳದ್ದಾದರೆ ಇನ್ನೂ ಒಳ್ಳೆಯದು. ಮೂರು ತಿಂಗಳಿಗೆ 42,000. ತಿಂಗಳಿಗೆ 3,000ದಂತೆ ಬ್ಯಾಂಕಿನಲ್ಲಿ ಕಂತಿನ ಠೇವಣಿ, ಅಂದರೆ ಆರ್‌ಡಿ ಕಟ್ಟಿದರೆ 14 ತಿಂಗಳ ಕೆಲಸ. ಸಂಬಳ ಬಂದ ಮರುದಿನವೇ ಅದು ತಾನಾಗಿ ಕಡಿತವಾಗಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಅಂದರೆ ಏನೂ ಉಳಿಯಲ್ಲ. ಇದು ನಾನು ಎರಡು ವರ್ಷ ಕಳೆದು ಕಲಿತ ಪಾಠ.

ಗಂಟು ಬೇಕೆಂದಾಗ ಬಿಚ್ಚಲು ಬರಬೇಕು. ಹಾಗಾಗಿ ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್ ಇದಕ್ಕಲ್ಲ, ಅದರ ಅವಧಿ 15 ವರ್ಷ. ಷೇರೂ ಬೇಡ, ನಮಗೆ ಕಷ್ಟ ಬಂದ ದಿನವೇ ಅದೂ ಬಿದ್ದಿರಬಹುದು. ಕೂಡಿದ ಗಂಟಿಗೆ ಬ್ಯಾಂಕಿನ ನಿಶ್ಚಿತ ಠೇವಣಿ, ಅಂದರೆ ಎಫ್‌ಡಿ ಸಾಕು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದ ತನಕ ಠೇವಣಿ ವಿಮೆಯೂ ಇದೆ. ಗಂಟು ತುಂಬಿದ ಮೇಲೆ ಅದೇ 3,000ವನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ತಿರುಗಿಸಬಹುದು. ಶೇ 6.7ರ ಬಡ್ಡಿಯಲ್ಲಿ, ಕಟ್ಟಿದ 1,80,000 ಸುಮಾರು 2,14,000 ಆಗುತ್ತದೆ.

ಆರ್ಥಿಕ ಸ್ವಾತಂತ್ರ್ಯ ಅಂತ ದೊಡ್ಡದಾಗಿ ಹೇಳುತ್ತಾರಲ್ಲ, ಅದರ ಮೊದಲ ಮೆಟ್ಟಿಲು ಇಷ್ಟೇ. ಕೆಲಸ ಹೋದರೂ ಮೂರು ತಿಂಗಳು ಅಪ್ಪನ ಮುಂದೆ ಕೈ ಚಾಚಬೇಕಿಲ್ಲ.

ಮತ್ತೆ ಖರ್ಚು, ಆರ್‌ಡಿ ಕಳೆದು ಸಂಬಳದಲ್ಲಿ ಉಳಿದ ಆ 5,000? ಅದು ಅವಳ ಜಾತ್ರೆ ದುಡ್ಡು. ಮಳೆಗಾಲದಲ್ಲಿ ಜೋಗಕ್ಕೆ ಹೋಗಲಿ, ಕೊಡಚಾದ್ರಿಗೆ ಜೀಪು ಹತ್ತಲಿ, ಗಾಂಧಿ ಬಜಾರಿನಲ್ಲಿ ಸುಮ್ನೆ ಸುತ್ತಿ ಚಪ್ಪಲಿ ಕೊಳ್ಳಲಿ. ಲೆಕ್ಕ ಕೇಳುವವರು ಯಾರು?

ಹೊಸ ಫೋನಿಗೆ ಮಾತ್ರ ಗಂಟು ಬಿಚ್ಚಬಾರದು. ನನಗೆ ಗೊತ್ತಿದ್ದಂತೆ ಅಜ್ಜಿ ಬಿಚ್ಚಿದ್ದು ಎರಡೇ ಸಲ. ಒಂದು, ಅಜ್ಜ ಜಾರಿ ಬಿದ್ದು ಕಾಲು ಮುರಿದುಕೊಂಡಾಗ. ಇನ್ನೊಂದು, ನನ್ನ ಹಾಸ್ಟೆಲ್ ಫೀಸಿಗೆ.