ಓದುಗರ ಪ್ರಶ್ನೆ: ವಯಸ್ಸಾದ ಮೇಲೆ ಸವೆದ ಮೂಳೆ ಮತ್ತೆ ಬೆಳೆಯುತ್ತಾ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 3.2 ಬಂದಿದೆ. ಬೆನ್ನುಮೂಳೆ ಒಂದು ಕಡೆ ಕುಸಿದಿದೆ ಎಂದೂ ಹೇಳಿದ್ದಾರೆ. ಕ್ಯಾಲ್ಸಿಯಂ ಮಾತ್ರೆ ಮೊದಲಿನಿಂದಲೂ ತೆಗೆದುಕೊಳ್ಳುತ್ತಿದ್ದಾರೆ. ಹೋದ ಮೂಳೆಯನ್ನು ಮತ್ತೆ ಬೆಳೆಸಬಹುದಾ, ಅಥವಾ ಇರುವುದನ್ನು ಉಳಿಸಿಕೊಳ್ಳುವುದಷ್ಟೇ ದಾರಿಯಾ?

ಉತ್ತರ: ಬೆಳೆಸಬಹುದು. ಮೂಳೆ ಕಟ್ಟುವ ಜೀವಕೋಶಗಳು ಈ ವಯಸ್ಸಿನಲ್ಲೂ ಇರುತ್ತವೆ. ಅವುಗಳನ್ನು ಕೆಲಸಕ್ಕೆ ಹಚ್ಚುವ ಔಷಧಿಗಳೂ ಇವೆ. ಆದರೆ ಯಾವ ಔಷಧಿ ಮೊದಲು, ಯಾವುದು ಆಮೇಲೆ ಎನ್ನುವುದು ಇಲ್ಲಿ ಔಷಧಿಯಷ್ಟೇ ಮುಖ್ಯ. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಮಂಡಿ ಸವೆದು ನೋವು ಬರುತ್ತದಲ್ಲ, ಅದು ಕೀಲಿನ ಕಾಯಿಲೆ. ನಾವು ಮಾತಾಡುತ್ತಿರುವುದು ಮೂಳೆಯೇ ಒಳಗಿನಿಂದ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಬಗ್ಗೆ. ಮುರಿಯುವವರೆಗೂ ಇದು ನೋಯುವುದಿಲ್ಲ.

ಮೂಳೆ ಸದಾ ಬದಲಾಗುತ್ತಿರುತ್ತದೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಮೂಳೆ ಹೊಸದಾಗುತ್ತದೆ. ಮೂಳೆಯ ಮೇಲಿನ ಒಂದು ಪುಟ್ಟ ಜಾಗಕ್ಕೆ ಆಸ್ಟಿಯೊಕ್ಲಾಸ್ಟ್ ಎಂಬ ಜೀವಕೋಶ ಬಂದು, ಸುತ್ತಲಿನ ಅಂಚನ್ನು ಬಿಗಿಯಾಗಿ ಕಚ್ಚಿಕೊಂಡು ಕೂರುತ್ತದೆ. ಒಳಗೆ ಆಮ್ಲ ಬಿಟ್ಟು ಖನಿಜವನ್ನು ಕರಗಿಸುತ್ತದೆ. ಉಳಿದ ಪ್ರೋಟೀನನ್ನು ಕಿಣ್ವಗಳಿಂದ ಕೊರೆಯುತ್ತದೆ. ಎರಡು ಮೂರು ವಾರದಲ್ಲಿ ಅಲ್ಲೊಂದು ಸಣ್ಣ ಗುಂಡಿ ಬೀಳುತ್ತದೆ. ಆಮೇಲೆ ಆಸ್ಟಿಯೊಬ್ಲಾಸ್ಟ್‌ಗಳು ಸಾಲಾಗಿ ಬಂದು ಗುಂಡಿಯಲ್ಲಿ ಕೊಲಾಜೆನ್ ಪದರ ಹಾಸುತ್ತವೆ. ಅದರಲ್ಲಿ ಕ್ಯಾಲ್ಸಿಯಂ, ರಂಜಕ ಸೇರಿ ಗಟ್ಟಿಯಾಗುತ್ತದೆ. ಇದಕ್ಕೆ ಮೂರು ನಾಲ್ಕು ತಿಂಗಳು ಬೇಕು. ತೋಡುವುದು ವಾರಗಳ ಕೆಲಸ, ತುಂಬುವುದು ತಿಂಗಳುಗಳ ಕೆಲಸ.

ಹರೆಯದಲ್ಲಿ ತೋಡಿದಷ್ಟು ತುಂಬುತ್ತದೆ. ವಯಸ್ಸಾದಂತೆ ಪ್ರತಿ ಗುಂಡಿಯಲ್ಲೂ ಚೂರು ಚೂರು ಕೊರತೆ ಉಳಿಯುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿಯುತ್ತದೆ, ಗುಂಡಿಗಳೇ ಜಾಸ್ತಿಯಾಗುತ್ತವೆ. ಹಾಗಾಗಿಯೇ ಹೆಂಗಸರಲ್ಲಿ ಮೂಳೆ ಅಷ್ಟು ಬೇಗ ಹೋಗುವುದು.

ಅಮ್ಮನ ಕ್ಯಾಲ್ಸಿಯಂ ಮಾತ್ರೆ ವ್ಯರ್ಥವಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಬೇಕು. ಆದರೆ ಇಟ್ಟಿಗೆ, ಸಿಮೆಂಟು ತಂದು ಸುರಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ, ಗಾರೆ ಕೆಲಸದವರು ಬರಬೇಕು ಅಲ್ವಾ? ಟಿ-ಸ್ಕೋರ್ ಎಂದರೆ ಆರೋಗ್ಯವಂತ ಹರೆಯದವರ ಮೂಳೆ ಸಾಂದ್ರತೆಗೆ ಹೋಲಿಸಿ ಕೊಡುವ ಅಂಕ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಮೈನಸ್ 3.2 ಇದ್ದು, ಬೆನ್ನುಮೂಳೆಯೂ ಕುಸಿದಿರುವಾಗ ಬರೀ ಕ್ಯಾಲ್ಸಿಯಂ ಸಾಕಾಗುವುದಿಲ್ಲ.

ಹೆಚ್ಚು ಬಳಕೆಯಲ್ಲಿರುವ ಔಷಧಿಗಳು ತೋಡುವ ಕೋಶಗಳನ್ನು ತಡೆಯುತ್ತವೆ. ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲ, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಈ ಗುಂಪಿನವು. ಒಳ್ಳೆಯ ಔಷಧಿಗಳು, ಎಷ್ಟೋ ಜನರ ಸೊಂಟ ಮುರಿಯದಂತೆ ಕಾಪಾಡಿವೆ. ಆದರೆ ಹೊಸ ಮೂಳೆ ಕಟ್ಟುವ ಕೆಲಸ ಇವುಗಳದ್ದಲ್ಲ.

ಕಟ್ಟುವ ಔಷಧಿಗಳಲ್ಲಿ ಮೊದಲು ಬಂದದ್ದು ಟೆರಿಪ್ಯಾರಟೈಡ್. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಕೆಲಸ ಮಾಡುವ ರೀತಿ ನಿಜಕ್ಕೂ ಅಚ್ಚರಿಯದು. ನಮ್ಮ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಕಾಯುತ್ತದೆ. ಅದು ಹಗಲೂ ರಾತ್ರಿ ಜಾಸ್ತಿಯೇ ಇದ್ದರೆ ಮೂಳೆ ಕರಗುತ್ತದೆ. ಅದನ್ನೇ ದಿನಕ್ಕೊಮ್ಮೆ ಸ್ವಲ್ಪ ಕೊಟ್ಟರೆ ಮೂಳೆ ಬೆಳೆಯುತ್ತದೆ! ಟೆರಿಪ್ಯಾರಟೈಡ್ ಆ ಹಾರ್ಮೋನಿನ 84 ಅಮೈನೊ ಆಮ್ಲಗಳಲ್ಲಿ ಮೊದಲ 34ರ ತುಣುಕು. ಚುಚ್ಚಿದ ಅರ್ಧ ಗಂಟೆಗೆ ರಕ್ತದಲ್ಲಿ ಏರಿ, ಮೂರು ಗಂಟೆಯೊಳಗೆ ಇಳಿದುಹೋಗುತ್ತದೆ. ಹೀಗೆ ಬಂದು ಹೋಗುವುದರಿಂದಲೇ ಕಟ್ಟುವ ಕೋಶಗಳು ಎದ್ದು ಕೂರುತ್ತವೆ.

2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದಾಗಲೇ ಬೆನ್ನುಮೂಳೆ ಕುಸಿದಿದ್ದ 1,637 ಮಹಿಳೆಯರಿದ್ದರು. ದಿನಕ್ಕೆ 20 ಮೈಕ್ರೊಗ್ರಾಂ ತೆಗೆದುಕೊಂಡವರಲ್ಲಿ ಬೆನ್ನುಮೂಳೆ ಹೊಸದಾಗಿ ಕುಸಿಯುವ ಅಪಾಯ 65% ಇಳಿಯಿತು. ಇಲಿಗಳಲ್ಲಿ ಮೂಳೆ ಕ್ಯಾನ್ಸರ್ ಕಂಡದ್ದರಿಂದ ಔಷಧಿಯ ಮೇಲೆ ಕಡುಎಚ್ಚರಿಕೆ ಹಾಕಿದ್ದರು. ಮನುಷ್ಯರಲ್ಲಿ ಅಂಥ ಅಪಾಯ ಹೆಚ್ಚಿದ್ದು ಕಾಣದ ಕಾರಣ 2020ರಲ್ಲಿ ಅದನ್ನು ತೆಗೆದರು. ಆದರೂ ಮೊದಲೇ ಮೂಳೆ ಕ್ಯಾನ್ಸರ್ ಬಂದವರಿಗೆ, ಮೂಳೆಗೆ ರೇಡಿಯೇಷನ್ ಪಡೆದವರಿಗೆ ಕೊಡುವುದಿಲ್ಲ.

ಇದು ಪೆನ್ನಿನ ಆಕಾರದಲ್ಲಿ ಬರುತ್ತದೆ. ದಿನಾ ತೊಡೆಗೋ ಹೊಟ್ಟೆಗೋ ತಾವೇ ಚುಚ್ಚಿಕೊಳ್ಳಬೇಕು. ಫ್ರಿಜ್‌ನಲ್ಲಿಡಬೇಕು, ಆದರೆ ಫ್ರೀಜರ್‌ನಲ್ಲಲ್ಲ. ಶುರು ಮಾಡಿದ 28 ದಿನಕ್ಕೆ, ಒಳಗೆ ಔಷಧಿ ಉಳಿದಿದ್ದರೂ ಎಸೆಯಬೇಕು. ಮೊದಮೊದಲು ಎದ್ದು ನಿಂತಾಗ ತಲೆ ಸುತ್ತಬಹುದು. ಮೂಳೆ ಸವೆದವರು ಬೀಳಲೇಬಾರದು, ಹಾಗಾಗಿ ಕೂತೇ ಚುಚ್ಚಿಕೊಳ್ಳಲಿ. ಸಾಮಾನ್ಯವಾಗಿ ಎರಡು ವರ್ಷದ ಕೋರ್ಸ್. ಇದೇ ದಾರಿಯಲ್ಲಿ ಕೆಲಸ ಮಾಡುವ ಅಬಾಲೊಪ್ಯಾರಟೈಡ್ 2017ರಲ್ಲಿ ಬಂತು.

ಇನ್ನೊಂದು ಔಷಧಿಯ ಹಿಂದೆ ಒಂದು ಅಪರೂಪದ ಕಾಯಿಲೆ ಇದೆ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯದ ಕೆಲವು ಕುಟುಂಬಗಳಲ್ಲಿ ಸ್ಕ್ಲೆರೊಸ್ಟಿಯೋಸಿಸ್ ಕಾಣಿಸುತ್ತದೆ. ಇವರ ಮೂಳೆ ಎಷ್ಟು ದಪ್ಪ ಎಂದರೆ ಮುರಿಯುವುದೇ ಅಪರೂಪ. ಆದರೆ ತಲೆಬುರುಡೆಯೂ ದಪ್ಪವಾಗಿ ನರಗಳನ್ನು ಒತ್ತುತ್ತದೆ. ಕಿವಿ ಕೇಳದಾಗುತ್ತದೆ, ಮುಖದ ಸ್ವಾಧೀನ ತಪ್ಪುತ್ತದೆ. ಇದಕ್ಕೆ ಕಾರಣವಾದ ಜೀನ್ 2001ರಲ್ಲಿ ಪತ್ತೆಯಾಯಿತು. ಆ ಕುಟುಂಬಗಳ ಸಂಕಟದಿಂದಲೇ ಉಳಿದವರಿಗೆ ಒಂದು ದಾರಿ ಕಂಡಿತು. ಮೂಳೆಯೊಳಗೆ ಹುದುಗಿರುವ ಆಸ್ಟಿಯೊಸೈಟ್ ಕೋಶಗಳು ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನು ಬಿಡುತ್ತವೆ. ಮೂಳೆ ಕಟ್ಟಿದ್ದು ಸಾಕು ಎಂದು ತಡೆಯುವುದು ಅದರ ಕೆಲಸ. ಈ ಕಾಯಿಲೆಯವರಲ್ಲಿ ಆ ತಡೆಯೇ ಇಲ್ಲ. ಹಾಗಾದರೆ ಮೂಳೆ ಸವೆದವರಲ್ಲಿ ಅದನ್ನು ಸ್ವಲ್ಪ ಕಾಲ ಹಿಡಿದಿಟ್ಟರೆ?

ರೊಮೊಸೊಜುಮ್ಯಾಬ್ ಮಾಡುವುದು ಅದನ್ನೇ. ಅಮೆರಿಕ 2019ರಲ್ಲಿ ಒಪ್ಪಿತು. ತಿಂಗಳಿಗೊಮ್ಮೆ, ಒಟ್ಟು 12 ತಿಂಗಳು. ಇದು ಕಟ್ಟುವುದನ್ನು ಹೆಚ್ಚಿಸುತ್ತದೆ, ತೋಡುವುದನ್ನೂ ತಗ್ಗಿಸುತ್ತದೆ. 4,093 ಮಹಿಳೆಯರ ಅಧ್ಯಯನದಲ್ಲಿ, ಒಂದು ವರ್ಷ ಇದನ್ನು ಕೊಟ್ಟು ಆಮೇಲೆ ಅಲೆಂಡ್ರೊನೇಟ್ ಕೊಟ್ಟವರಿಗೆ ಬೆನ್ನುಮೂಳೆ ಮುರಿತ 48% ಕಡಿಮೆಯಿತ್ತು. ಹೋಲಿಸಿದ್ದು ಮೊದಲಿನಿಂದ ಬರೀ ಅಲೆಂಡ್ರೊನೇಟ್ ತೆಗೆದುಕೊಂಡವರ ಜೊತೆ. ಅದೇ ಅಧ್ಯಯನದಲ್ಲಿ ಮೊದಲ ವರ್ಷ ಹೃದಯ, ರಕ್ತನಾಳದ ಗಂಭೀರ ತೊಂದರೆಗಳು ತುಸು ಹೆಚ್ಚು ಕಂಡವು: 2.5%, ಇನ್ನೊಂದು ಗುಂಪಿನಲ್ಲಿ 1.9%. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು ಇದನ್ನು ತೆಗೆದುಕೊಳ್ಳಬಾರದು.

ಈಗ ಸರದಿಯ ವಿಷಯ. ಕಟ್ಟುವ ಔಷಧಿ ನಿಲ್ಲಿಸಿ ಸುಮ್ನೆ ಕೂತರೆ, ಬಂದ ಮೂಳೆ ಕರಗತೊಡಗುತ್ತದೆ. ತಡೆಯುವ ಔಷಧಿ ಬೆನ್ನಿಗೇ ಶುರುವಾಗಬೇಕು. ಉಲ್ಟಾ ಮಾಡಿದರೂ ತೊಂದರೆ: ಡೆನೊಸುಮ್ಯಾಬ್ ಬಿಟ್ಟು ಟೆರಿಪ್ಯಾರಟೈಡ್‌ಗೆ ಬಂದವರ ಸೊಂಟದಲ್ಲಿ ಮೂಳೆ ಕೆಲಕಾಲ ಇನ್ನಷ್ಟು ಇಳಿಯುತ್ತದೆ. ಡೆನೊಸುಮ್ಯಾಬನ್ನು ಬದಲಿ ಔಷಧಿಯಿಲ್ಲದೆ ಹಾಗೇ ನಿಲ್ಲಿಸಿದರಂತೂ ಒಂದರ ಹಿಂದೆ ಒಂದು ಬೆನ್ನುಮೂಳೆ ಕುಸಿದ ಉದಾಹರಣೆಗಳಿವೆ. ಮೂಳೆ ಈಗಾಗಲೇ ಕುಸಿದವರಿಗೆ ಕಟ್ಟುವ ಔಷಧಿಯನ್ನು ಮೊದಲೇ ಯೋಚಿಸಬೇಕು. ಬೇರೆಲ್ಲ ಆದ ಮೇಲೆ ಕೊನೆಗೆ ನೋಡೋಣ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಸ್ಕೋರ್ ಸ್ವಲ್ಪವೇ ಇಳಿದು, ಏನೂ ಮುರಿಯದವರಿಗೆ ತಡೆಯುವ ಮಾತ್ರೆಯೇ ಸಾಕಾಗಬಹುದು.

ಈ ಔಷಧಿಗಳಿಂದ ಆಗದ್ದೂ ಇದೆ. ಮೂಳೆಯೊಳಗಿನ ಜಾಲರಿಯಲ್ಲಿ ಉಳಿದ ಎಳೆಗಳು ದಪ್ಪವಾಗುತ್ತವೆ. ಪೂರ್ತಿ ಮಾಯವಾದ ಎಳೆ ಮತ್ತೆ ಬರುವುದು ಕಷ್ಟ. ಕುಸಿದ ಬೆನ್ನುಮೂಳೆ ಹಳೆಯ ಎತ್ತರಕ್ಕೆ ಏಳುವುದಿಲ್ಲ.

ವ್ಯಾಯಾಮದಿಂದಲೂ ಮೂಳೆ ಬೆಳೆಯುತ್ತಾ? ಭಾರ ಬಿದ್ದ ಕಡೆ ಸ್ಕ್ಲೆರೊಸ್ಟಿನ್ ತಾನಾಗಿ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರ ಅಧ್ಯಯನ ನಡೆಯಿತು. ಒಂದು ಗುಂಪು ತರಬೇತುದಾರರ ಕಣ್ಣೆದುರೇ ವಾರಕ್ಕೆರಡು ಸಲ, ಅರ್ಧ ಗಂಟೆ ಭಾರ ಎತ್ತಿತು. ಎಂಟು ತಿಂಗಳಲ್ಲಿ ಅವರ ಕೆಳಬೆನ್ನಿನ ಮೂಳೆ ಸಾಂದ್ರತೆ 2.9% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು 1.2% ಇಳಿಯಿತು. ಆದರೆ ನಿಮ್ಮ ಅಮ್ಮ ಇದನ್ನು ನೋಡಿ ಭಾರ ಎತ್ತಲು ಹೋಗಬಾರದು. ಬೆನ್ನುಮೂಳೆ ಕುಸಿದವರು ಮುಂದಕ್ಕೆ ಬಗ್ಗಿ ಎತ್ತುವುದೇ ಅಪಾಯ. ಅವರಿಗೆ ತಕ್ಕ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡಲಿ.

ವೈದ್ಯರ ಬಳಿ ಹೋದಾಗ ಎರಡು ವಿಷಯ ಕೇಳಿ. ಮೂಳೆ ಈಗಾಗಲೇ ಕುಸಿದಿರುವುದರಿಂದ ಕಟ್ಟುವ ಔಷಧಿಯಿಂದಲೇ ಶುರು ಮಾಡಬಹುದಾ? ಅದು ಮುಗಿದ ಮೇಲೆ ಯಾವ ಔಷಧಿ, ಯಾವ ತಿಂಗಳಿನಿಂದ? ಎರಡನೆಯದಕ್ಕೆ ಉತ್ತರವನ್ನು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಬರೆಸಿಕೊಳ್ಳಿ.